ವಾಹನಕ್ಕೆ ಯಾವ ಎಣ್ಣೆ: ಸಿಂಥೆಟಿಕ್ಕೋ, ಸಾಮಾನ್ಯವೋ?

ನಾಡಪ್ರಭುಗಳ ಮೂಲನೆಲೆಯೆಂದು ಹೆಸರಾದ ದೇವನಹಳ್ಳಿ ತಾಲ್ಲೂಕಿನ ಆವತಿ ಇಂದು ರಾಷ್ಟ್ರೀಯ ಹೆದ್ದಾರಿ 44ರ ಬದಿಯ ಊರು. ನಂದಿಬೆಟ್ಟಕ್ಕೆ ಹೊರಟ ಬೈಕುಗಳು, ವಿಮಾನ ನಿಲ್ದಾಣದ ಟ್ಯಾಕ್ಸಿಗಳು, ತೋಟದ ಟ್ರ್ಯಾಕ್ಟರುಗಳು ಇಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ. ಇವೆಲ್ಲಕ್ಕೂ ಒಂದೇ ಎಂಜಿನ್ ಆಯಿಲ್ ಸಲ್ಲದು.

ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆಯುವುದು ಸಾಮಾನ್ಯ, ಅಂದರೆ ಮಿನರಲ್ ಎಣ್ಣೆ. ಅಣುಗಳನ್ನು ರಾಸಾಯನಿಕವಾಗಿ ಜೋಡಿಸಿ ಅಥವಾ ಮಾರ್ಪಡಿಸಿ ಸಿದ್ಧಪಡಿಸುವುದು ಸಿಂಥೆಟಿಕ್. ಆದರೆ ಸಿಂಥೆಟಿಕ್ ಎಂದು ಮಾರಾಟವಾಗುವ ಅನೇಕ ಎಣ್ಣೆಗಳ ಮೂಲವೂ ಕಚ್ಚಾ ತೈಲವೇ. ಹಾಗೆ ಕರೆಯಬಹುದೇ ಎಂಬ ಜಾಹೀರಾತು ವಿವಾದ 1999ರಲ್ಲಿ ಅಮೆರಿಕದಲ್ಲಿ ತಯಾರಕರ ಪರವಾಗಿ ಇತ್ಯರ್ಥವಾಯಿತು. ಆದ್ದರಿಂದ ಡಬ್ಬಿಯ ಮೇಲಿನ ದಪ್ಪಕ್ಷರಕ್ಕಿಂತ ಸಣ್ಣಕ್ಷರಗಳನ್ನು ಓದುವುದು ಲೇಸು.

5ಡಬ್ಲ್ಯು-30 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿನ ಹರಿವನ್ನೂ, ಎರಡನೆಯದು ಬಿಸಿ ಎಂಜಿನ್‌ನಲ್ಲಿನ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. 20ಡಬ್ಲ್ಯು ದರ್ಜೆಯ ಎಣ್ಣೆಯನ್ನೇ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ನಮ್ಮ ಬಯಲುಸೀಮೆಯ ಮಾಗಿಯ ಚಳಿಗೆ ಹೆದರಿ ಸಿಂಥೆಟಿಕ್ ಕೊಳ್ಳಬೇಕಾಗಿಲ್ಲ. ಅದರ ನಿಜವಾದ ಲಾಭ ಶಾಖದಲ್ಲಿದೆ. ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ನಿಂತು ಕಾಯುವ, ಘಾಟಿ ಹತ್ತುವ ಟರ್ಬೊ ಎಂಜಿನ್‌ನಲ್ಲಿ ಅದು ಬೇಗ ಕೆಡದು, ಮಸಿಗಟ್ಟುವುದೂ ಕಡಿಮೆ.

ಕೈಪಿಡಿಯ ಮಾತೇ ಅಂತಿಮ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಮಸಿಯ ಫಿಲ್ಟರ್ ಇದ್ದರೆ ಬೂದಿ ಕಡಿಮೆಯಿರುವ ಎಣ್ಣೆಯೇ ಬೇಕು. ತಪ್ಪಿದರೆ ಫಿಲ್ಟರ್ ಕಟ್ಟಿಕೊಂಡು ದುಬಾರಿ ಖರ್ಚು ಬೀಳುತ್ತದೆ. ಗೇರಿನ ಬೈಕಿಗೆ ಜಾಸೊ ಎಂಎ ಅಥವಾ ಎಂಎ2 ಗುರುತಿರಲಿ. ಕಾರಿನ ಎಣ್ಣೆ ಸುರಿದರೆ ಕ್ಲಚ್ ಜಾರಬಹುದು. ಹಳೆಯ ಟ್ರ್ಯಾಕ್ಟರಿಗೆ ತಯಾರಕರು ಹೇಳಿದ ಮಿನರಲ್ ಎಣ್ಣೆಯನ್ನು ಸಕಾಲದಲ್ಲಿ ಬದಲಿಸಿದರೆ ಸಾಕು. ಸೀಲು ಸವೆದ ಎಂಜಿನ್‌ಗೆ ಸಿಂಥೆಟಿಕ್ ಹಾಕಿ ಸೋರಿಸುವುದರಲ್ಲಿ ಅರ್ಥವಿಲ್ಲ.

ಎರಡನ್ನೂ ಬೆರೆಸಿದರೆ ಎಂಜಿನ್ ಹಾಳಾಗುತ್ತದೆಂಬುದು ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು. ಒಂದೇ ದರ್ಜೆಯದಾದರೆ ದಾರಿಯಲ್ಲಿ ಅರ್ಧ ಲೀಟರ್ ಸೇರಿಸಿದ್ದರಿಂದ ಕೆಡುಕಿಲ್ಲ, ದುಬಾರಿ ಎಣ್ಣೆಯ ಗುಣ ಅಷ್ಟರಮಟ್ಟಿಗೆ ತಗ್ಗುತ್ತದೆ ಅಷ್ಟೆ. ಸಿಂಥೆಟಿಕ್ ಹಾಕಿದ ಮಾತ್ರಕ್ಕೆ ಬದಲಾವಣೆಯ ಅವಧಿಯನ್ನು ತಾವಾಗಿಯೇ ಹಿಗ್ಗಿಸಿಕೊಳ್ಳುವಂತಿಲ್ಲ. ಧೂಳು, ಪದೇಪದೇ ನಿಲುಗಡೆ ಇರುವಲ್ಲಿ ಕೈಪಿಡಿಗಳೇ ಅವಧಿಯನ್ನು ಕಿರಿದಾಗಿಸುತ್ತವೆ.

ಖಾಲಿ ಡಬ್ಬಿಯನ್ನು ತೂತು ಮಾಡಿಯೇ ಎಸೆಯಿರಿ. ನಕಲಿ ಎಣ್ಣೆ ತುಂಬುವವರಿಗೆ ಬೇಕಾದುದು ಅಂಥ ಡಬ್ಬಿಯೇ. ಇಳಿಸಿದ ಕರಿ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯವಾಗಿದ್ದು, ಅದನ್ನು ಚರಂಡಿಗೆ ಬಿಡದೆ ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಗ್ಯಾರೇಜಿಗೆ ಒಪ್ಪಿಸಬೇಕು.