ಹಬ್ಬದ ಫೋಟೊ ಕುಗ್ಗಿಸುವ ಮುನ್ನ



ತೆನೆ ಹಬ್ಬದ ಫೋಟೊಗಳನ್ನು ಜಾಲತಾಣಕ್ಕೆ ಹಾಕುವ ಮುನ್ನ ನಾವು ಅಂಚು ಕತ್ತರಿಸುತ್ತೇವೆ, ಬೆಳಕು ಸರಿಪಡಿಸುತ್ತೇವೆ, ಕೊನೆಗೆ ಅಳತೆ ಕುಗ್ಗಿಸುತ್ತೇವೆ. ಕುಗ್ಗಿಸುವಾಗ ಒಳಗೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಪುಟ್ಟ ಮಗುವಿನ ಫೋಟೊವೊಂದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿದರು. ಉದ್ದಗಲ 176 ಚುಕ್ಕಿ, ಅಷ್ಟೇ. ಇಂದಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿಗಳಿವೆ. ಚುಕ್ಕಿಗೆ ಮೂರು ಬೈಟಿನಂತೆ ಹಾಗೇ ಇಟ್ಟರೆ ಒಂದು ಫೋಟೊಗೆ 36 ಎಂಬಿ! ಮೊಬೈಲಿನಲ್ಲಿ ಯಾರು ಕಾಯುತ್ತಾರೆ?

ಇದಕ್ಕೆ ದಾರಿ ತೋರಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. 1972ರಲ್ಲಿ ಅವರು ಅಮೆರಿಕದಲ್ಲಿ ಸಂಶೋಧನೆಗೆ ಧನಸಹಾಯ ಕೇಳಿದಾಗ ಸಿಗಲಿಲ್ಲ. ಪರಿಶೀಲಿಸಿದವರೊಬ್ಬರಿಗೆ ಆ ಯೋಚನೆ ತೀರಾ ಸರಳವೆನಿಸಿತ್ತಂತೆ. ಅವರು ಬಿಡಲಿಲ್ಲ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನದಂಡ ನಿಂತಿರುವುದು ಆ ಗಣಿತದ ಮೇಲೆಯೇ.

ಜೆಪೆಗ್ ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕವನ್ನೂ ನಿಧಾನ ಮತ್ತು ವೇಗದ ಅಲೆಗಳ ಮೊತ್ತವಾಗಿ ಬರೆಯುತ್ತದೆ. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಲೆಗಳನ್ನು ಒರಟಾಗಿಸುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಬಿಟ್ಟದ್ದು ಮತ್ತೆ ಬರುವುದಿಲ್ಲ. ತಿದ್ದಿ ತಿದ್ದಿ ಉಳಿಸಿದಷ್ಟೂ ಇನ್ನಷ್ಟು ಹೋಗುತ್ತದೆ.

ನಾವು ಮಾಡಿದ ತಪ್ಪು ಇಲ್ಲೇ. ಒಂದು ಹಬ್ಬದ ಫೋಟೊಗಳನ್ನೆಲ್ಲ 600 ಚುಕ್ಕಿ ಅಗಲಕ್ಕೆ ಇಳಿಸಿ, ಮೂಲದ ಮೇಲೆಯೇ ಉಳಿಸಿದೆವು. ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದೆವು. ಕೆಲವು ತಿಂಗಳ ನಂತರ ನಮ್ಮ ವಾಳೆಯ ಅಜ್ಜರೊಬ್ಬರು ತೀರಿಕೊಂಡರು. ಮೆರವಣಿಗೆಯಲ್ಲಿ ತೆನೆ ಹಿಡಿದು ನಗುತ್ತಿದ್ದ ಅವರ ಚಿತ್ರ ಬೇಕೆಂದು ಮನೆಯವರು ಕೇಳಿದರು. ದೊಡ್ಡದು ಮಾಡಿ ನೋಡಿದರೆ ಅಜ್ಜನ ಮುಖ ಐವತ್ತು ಚುಕ್ಕಿಯೂ ಇರಲಿಲ್ಲ. 1957ರ ಆ ಮಗುವಿನ ಮುಖವೇ ಇದಕ್ಕಿಂತ ಸ್ಪಷ್ಟ.

ಈಗ ಮೂಲ ಫೋಟೊಗಳು ಮೊದಲು ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹೋಗುತ್ತವೆ. ಒಂದು ಇಗರ್ಜಿಯ ಕಚೇರಿಯಲ್ಲಿ, ಇನ್ನೊಂದು ನಮ್ಮಲ್ಲಿ. ತಿದ್ದುವುದು ನಕಲನ್ನು ಮಾತ್ರ, ಬೇರೆ ಹೆಸರಿನಲ್ಲಿ.

ಅಜ್ಜನ ಮನೆಯವರು ಕೊನೆಗೆ ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಅದರಲ್ಲಿ ಅಜ್ಜ ನಗುತ್ತಿಲ್ಲ.