ಗ್ರಂಥಸೂಚಿಯಿಂದ ಗಣಕಕ್ಕೆ

ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯನ್ನು ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಶಾಸ್ತ್ರಭಂಡಾರಗಳಲ್ಲಿದ್ದ ಓಲೆಗರಿಗಳ ವಿವರವನ್ನು ಹೊರಜಗತ್ತಿಗೆ ತಲುಪಿಸಿದ ಗ್ರಂಥವಿದು. ಇಂತಹ ಹಳೆಯ ಸೂಚಿಗಳನ್ನು ಗಣಕಕ್ಕೆ ತುಂಬುವುದು ಬೆರಳಚ್ಚುಗಾರನ ಕೆಲಸವೆಂದು ಭಾವಿಸುವವರುಂಟು. ಅದು ವಿದ್ವಾಂಸನ ಕೆಲಸ.

ಗ್ರಂಥಾಲಯಗಳ ಗಣಕೀಕರಣಕ್ಕೆ ತಳಹದಿಯಾದ 'ಮಾರ್ಕ್' ಎಂಬ ದಾಖಲೆಯ ಚೌಕಟ್ಟು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೂಪುಗೊಂಡಿತು. ಅದರ ಕಣ್ಣೆದುರಿಗಿದ್ದುದು ಮುಖ್ಯವಾಗಿ ಅಚ್ಚಾದ ಪುಸ್ತಕ. ಓಲೆಯ ಕಟ್ಟಿಗೆ ಮುಖಪುಟವೆಲ್ಲಿ? ಒಂದೇ ಕಟ್ಟಿನಲ್ಲಿ ಪುರಾಣವೊಂದು, ನಾಲ್ಕಾರು ಸ್ತೋತ್ರಗಳು, ವೈದ್ಯದ ಕೆಲವು ಗರಿಗಳು ಕೂಡಿರಬಹುದು. ಮೊದಲ ಕೃತಿಯ ಹೆಸರನ್ನಷ್ಟೇ ನಮೂದಿಸಿದರೆ ಉಳಿದವು ಭಂಡಾರದಲ್ಲಿದ್ದೂ ಇಲ್ಲದಂತೆಯೇ. ಮುದ್ರಿತ ಸೂಚಿಯನ್ನು ತಿರುವಿಹಾಕುವವನ ಕಣ್ಣಿಗೆ ಟಿಪ್ಪಣಿಯ ಮೂಲೆಯಲ್ಲಿದ್ದ ಹೆಸರೂ ಬೀಳುತ್ತಿತ್ತು; ಕೇಳಿದ ಶಬ್ದಕ್ಕೆ ಮಾತ್ರ ಉತ್ತರಿಸುವ ಯಂತ್ರದಲ್ಲಿ ಆ ಭಾಗ್ಯವಿಲ್ಲ.

ಕರ್ತೃವಿನ ಹೆಸರಿನ ತೊಡಕು ಇನ್ನೂ ದೊಡ್ಡದು. ಗೊಮ್ಮಟಸಾರದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಒಬ್ಬ, ಲೀಲಾವತಿಯನ್ನು ರಚಿಸಿದ ಕವಿ ನೇಮಿಚಂದ್ರ ಇನ್ನೊಬ್ಬ. ನಾಗಚಂದ್ರನೂ ಅಭಿನವಪಂಪನೂ ಒಬ್ಬನೇ. ಯಂತ್ರವು ಮೊದಲಿನವರಿಬ್ಬರನ್ನು ಒಂದುಗೂಡಿಸುತ್ತದೆ, ಎರಡನೆಯವನನ್ನು ಇಬ್ಬರನ್ನಾಗಿಸುತ್ತದೆ. ಛಂದೋಂಬುಧಿಯ ನಾಗವರ್ಮನನ್ನೂ ಕಾವ್ಯಾವಲೋಕನದ ನಾಗವರ್ಮನನ್ನೂ ಬೇರ್ಪಡಿಸುವುದಕ್ಕೆ ಸಾಹಿತ್ಯಚರಿತ್ರೆಯನ್ನು ಓದಿದವರೇ ಬೇಕು.

ಕಾಲದ ವಿಷಯವೂ ಹೀಗೆಯೇ. ಪಂಪನ ಆದಿಪುರಾಣ ಮುಗಿದುದು ಶಕ 863ರ ಪ್ಲವ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 941ರಲ್ಲಿ. ಆದರೆ ಅದರ ಪ್ರತಿಯೊಂದರ ಕೊನೆಯಲ್ಲಿ ಲಿಪಿಕಾರನು ಬರಿದೆ 'ಪ್ಲವ ಸಂವತ್ಸರ' ಎಂದು ಬರೆದಿದ್ದರೆ ಅದು 1541 ಇರಬಹುದು, 1601 ಇರಬಹುದು, 1661 ಇರಬಹುದು. ಕೃತಿಯ ಕಾಲ ಬೇರೆ, ಪ್ರತಿಯ ಕಾಲ ಬೇರೆ. ವರ್ಷಕ್ಕೆ ಒಂದೇ ಕೋಶವಿರುವ ತಂತ್ರಾಂಶದಲ್ಲಿ ಒಂದು ಸುಳ್ಳು ಅನಿವಾರ್ಯ.

ಭಾಷೆ, ಲಿಪಿಗಳನ್ನೂ ಒಂದೇ ಎಂದೆಣಿಸುವಂತಿಲ್ಲ. ಮೂಡುಬಿದಿರೆಯ ಧವಲಾ ಪ್ರತಿಗಳ ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳಗನ್ನಡ. ಶಾಸ್ತ್ರಿಗಳ ಸೂಚಿ ನಾಗರಿಯಲ್ಲಿ ಅಚ್ಚಾಗಿದೆ; ಆ ಲಿಪಿಯ ರೂಢಿಯ ಬರವಣಿಗೆಯಲ್ಲಿ ಎಕಾರ-ಏಕಾರಗಳ, ಒಕಾರ-ಓಕಾರಗಳ ಭೇದ ಉಳಿಯುವುದಿಲ್ಲ. ಅದನ್ನು ಯಂತ್ರದಿಂದಲೇ ಕನ್ನಡಕ್ಕೆ ತಿರುಗಿಸಿದರೆ ಹೆಸರುಗಳು ಕೆಡುತ್ತವೆ. ಇನ್ನು ೞಕಾರದ ಪಾಡು ವಿನೋದದ್ದು: ಯುನಿಕೋಡ್ ಆ ಅಕ್ಷರಕ್ಕೆ ತಪ್ಪಾಗಿ 'ಫ' ಎಂದು ಹೆಸರಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ. 'ಬಾಳ್' ಎಂದು ಹುಡುಕುವವನಿಗೆ 'ಬಾೞ್' ಸಿಗಬೇಕಾದರೆ ಆ ಸಂಬಂಧವನ್ನು ಯಾರಾದರೂ ಮೊದಲೇ ಕಲ್ಪಿಸಿರಬೇಕು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕೀರ್ತಿ ರನ್ನನಿಂದ ಉಳಿಯಿತು. ಅವಳಂತೆಯೇ ಶಾಸ್ತ್ರದಾನ ಮಾಡಿದ ಇತರರ ಹೆಸರುಗಳು ಇರುವುದು ಗರಿಗಳ ಕೊನೆಯ ಸಾಲಿನಲ್ಲಿ. ಅವರು ಕರ್ತೃಗಳಲ್ಲ, ಲಿಪಿಕಾರರಲ್ಲ; ಗಣಕದ ಪಟ್ಟಿಯಲ್ಲಿ ಅವರಿಗೆಂದು ಕೋಶವನ್ನು ತೆರೆಯದಿದ್ದಲ್ಲಿ ಅವರು 'ಇತರ ವಿವರ'ಗಳೊಳಗೆ ಸೇರಿಹೋಗುತ್ತಾರೆ, ಅಥವಾ ಬಿಟ್ಟೇಹೋಗುತ್ತಾರೆ.