ಲಿನಕ್ಸ್‌ನಲ್ಲಿ ಥಂಡರ್‌ಬರ್ಡ್ ಅನುಸ್ಥಾಪನೆ

ಮೊಜಿಲ್ಲಾ ಥಂಡರ್‌ಬರ್ಡ್ ಎಂಬುದು ಗಣಕಯಂತ್ರದಲ್ಲಿ ಇಮೇಲ್ ಓದಲು, ಬರೆಯಲು ಮತ್ತು ಸಂಗ್ರಹಿಸಿಡಲು ಬಳಸುವ ಉಚಿತ ಹಾಗೂ ಮುಕ್ತ ಆಕರ ತಂತ್ರಾಂಶವಾಗಿದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇದನ್ನು ಹಲವು ವಿಧಾನಗಳಲ್ಲಿ ಅನುಸ್ಥಾಪಿಸಬಹುದು. ಯಾವ ವಿಧಾನವನ್ನು ಆರಿಸಿಕೊಂಡರೂ ತಂತ್ರಾಂಶದ ಬಳಕೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆದರೆ ಅಂಚೆಗಳು ಗಣಕದ ಯಾವ ಸ್ಥಳದಲ್ಲಿ ಸಂಗ್ರಹವಾಗುತ್ತವೆ, ತಂತ್ರಾಂಶವನ್ನು ತೆಗೆದುಹಾಕಿದಾಗ ಅವು ಉಳಿಯುತ್ತವೆಯೇ ಎಂಬುದು ಅನುಸ್ಥಾಪನೆಯ ವಿಧಾನವನ್ನು ಅವಲಂಬಿಸಿದೆ.

ಹಿನ್ನೆಲೆ

ಥಂಡರ್‌ಬರ್ಡ್‌ನ ಮೊದಲ ಪ್ರಾಯೋಗಿಕ ಆವೃತ್ತಿ 2003ರಲ್ಲಿಯೂ 1.0 ಆವೃತ್ತಿ 2004ರ ಡಿಸೆಂಬರ್‌ನಲ್ಲಿಯೂ ಬಿಡುಗಡೆಯಾದವು. 2020ರಿಂದ ಇದರ ಅಭಿವೃದ್ಧಿಯನ್ನು ಮೊಜಿಲ್ಲಾ ಫೌಂಡೇಶನ್‌ನ ಅಂಗಸಂಸ್ಥೆಯಾದ ಎಂಜೆಡ್‌ಎಲ್‌ಎ ಟೆಕ್ನಾಲಜೀಸ್ ಕಾರ್ಪೊರೇಶನ್ ನಿರ್ವಹಿಸುತ್ತಿದೆ. ಉಬುಂಟು ವ್ಯವಸ್ಥೆಯು 11.10 ಆವೃತ್ತಿಯಲ್ಲಿ ಎವಲ್ಯೂಶನ್ ತಂತ್ರಾಂಶದ ಬದಲಿಗೆ ಥಂಡರ್‌ಬರ್ಡನ್ನು ಪೂರ್ವನಿಯೋಜಿತ ಇಮೇಲ್ ತಂತ್ರಾಂಶವಾಗಿ ಅಳವಡಿಸಿಕೊಂಡಿತು. ವ್ಯಾಪಾರಮುದ್ರೆಯ ನಿಯಮಗಳ ಕುರಿತ ಭಿನ್ನಾಭಿಪ್ರಾಯದಿಂದಾಗಿ ಡೆಬಿಯನ್ ವ್ಯವಸ್ಥೆಯಲ್ಲಿ ಇದೇ ತಂತ್ರಾಂಶವು ಸುಮಾರು ಹತ್ತು ವರ್ಷ ಐಸ್‌ಡವ್ ಎಂಬ ಹೆಸರಿನಲ್ಲಿ ದೊರೆಯುತ್ತಿತ್ತು. 2017ರಲ್ಲಿ ಮೂಲ ಹೆಸರು ಮರಳಿತು.

ಅನುಸ್ಥಾಪನಾ ವಿಧಾನಗಳು

ವಿತರಣೆಯ ಭಂಡಾರದಿಂದ: ಪ್ರತಿಯೊಂದು ಲಿನಕ್ಸ್ ವಿತರಣೆಯೂ ಪರಿಶೀಲಿಸಿದ ತಂತ್ರಾಂಶಗಳ ಭಂಡಾರವೊಂದನ್ನು ಹೊಂದಿರುತ್ತದೆ. ಡೆಬಿಯನ್‌ನಲ್ಲಿ ಟರ್ಮಿನಲ್ ತೆರೆದು ಮೊದಲು 'ಸುಡೋ ಆಪ್ಟ್ ಅಪ್‌ಡೇಟ್', ನಂತರ 'ಸುಡೋ ಆಪ್ಟ್ ಇನ್‌ಸ್ಟಾಲ್ ಥಂಡರ್‌ಬರ್ಡ್' ಎಂಬ ಆದೇಶಗಳನ್ನು ನೀಡಬೇಕು. ಫೆಡೋರಾದಲ್ಲಿ ಆಪ್ಟ್ ಬದಲಿಗೆ ಡಿಎನ್‌ಎಫ್ ಬಳಕೆಯಲ್ಲಿದೆ. ಆದೇಶಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು. ವ್ಯವಸ್ಥೆಯ ಇತರ ನವೀಕರಣಗಳೊಂದಿಗೆ ಥಂಡರ್‌ಬರ್ಡ್ ಕೂಡ ನವೀಕರಣಗೊಳ್ಳುತ್ತದೆ.

ಸ್ನ್ಯಾಪ್: 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 24.04 ಆವೃತ್ತಿಯಿಂದ ಥಂಡರ್‌ಬರ್ಡ್ ಸ್ನ್ಯಾಪ್ ರೂಪದಲ್ಲಿ ದೊರೆಯುತ್ತದೆ. ಅಲ್ಲಿ ಆಪ್ಟ್ ಆದೇಶ ನೀಡಿದರೂ ಸ್ನ್ಯಾಪ್ ಆವೃತ್ತಿಯೇ ಅನುಸ್ಥಾಪನೆಯಾಗುತ್ತದೆ. ಇದು ವ್ಯವಸ್ಥೆಯ ಉಳಿದ ಭಾಗದಿಂದ ಪ್ರತ್ಯೇಕವಾಗಿ ಕಾರ್ಯನಿರ್ವಹಿಸುತ್ತದೆ ಮತ್ತು ತಾನಾಗಿಯೇ ನವೀಕರಣಗೊಳ್ಳುತ್ತದೆ.

ಫ್ಲಾಟ್‌ಪ್ಯಾಕ್: ಫ್ಲಾಟ್‌ಹಬ್ ಭಂಡಾರದಿಂದ ಪಡೆಯುವ ಈ ರೂಪವು ಬೇರೆ ಬೇರೆ ವಿತರಣೆಗಳಲ್ಲಿ ಒಂದೇ ರೀತಿ ಕೆಲಸ ಮಾಡುತ್ತದೆ.

ಮೂಲ ಕಡತ: ಥಂಡರ್‌ಬರ್ಡ್‌ನ ಅಧಿಕೃತ ಜಾಲತಾಣದಿಂದ ಸಂಕುಚಿತ ಕಡತವನ್ನು ಇಳಿಸಿಕೊಂಡು, ಅದನ್ನು ಬಿಡಿಸಿ ನೇರವಾಗಿ ಚಲಾಯಿಸಬಹುದು. ಇದರಲ್ಲಿ ಮೆನುವಿನ ಕೊಂಡಿಯನ್ನು ಬಳಕೆದಾರರೇ ರಚಿಸಿಕೊಳ್ಳಬೇಕಾಗುತ್ತದೆ.

ಖಾತೆಯ ಸಂಯೋಜನೆ

ತಂತ್ರಾಂಶವನ್ನು ಮೊದಲ ಬಾರಿ ತೆರೆದಾಗ ಹೆಸರು ಮತ್ತು ಇಮೇಲ್ ವಿಳಾಸವನ್ನು ಕೇಳಲಾಗುತ್ತದೆ. ಪ್ರಮುಖ ಸೇವೆಗಳ ಸರ್ವರ್ ವಿವರಗಳನ್ನು ಥಂಡರ್‌ಬರ್ಡ್ ತಾನಾಗಿಯೇ ಪತ್ತೆಹಚ್ಚುತ್ತದೆ. ಜಿಮೇಲ್‌ನಂತಹ ಸೇವೆಗಳಿಗೆ ಓಆತ್ ಎಂಬ ದೃಢೀಕರಣ ಪದ್ಧತಿ ಬಳಕೆಯಾಗುವುದರಿಂದ, ಗುಪ್ತಪದವನ್ನು ಆಯಾ ಸೇವೆಯದೇ ಪುಟದಲ್ಲಿ ನಮೂದಿಸಬೇಕಾಗುತ್ತದೆ. ವಿವರಗಳನ್ನು ಕೈಯಾರೆ ತುಂಬುವವರಿಗೆ ಸುರಕ್ಷಿತ ಸಂಪರ್ಕದ ರೂಢಿಯ ಪೋರ್ಟ್ ಸಂಖ್ಯೆಗಳು ಹೀಗಿವೆ: ಐಮ್ಯಾಪ್‌ಗೆ 993, ಪಾಪ್‌ಗೆ 995, ಅಂಚೆ ಕಳುಹಿಸುವ ಎಸ್‌ಎಂಟಿಪಿಗೆ 465 ಅಥವಾ 587.

ಐಮ್ಯಾಪ್ ಮತ್ತು ಪಾಪ್‌ಗಳ ನಡುವಿನ ಆಯ್ಕೆ ಮಹತ್ವದ್ದು. ಐಮ್ಯಾಪ್‌ನಲ್ಲಿ ಅಂಚೆಯು ಸರ್ವರ್‌ನಲ್ಲಿಯೇ ಇದ್ದು, ಗಣಕದಲ್ಲಿ ಅದರ ಪ್ರತಿ ಇರುತ್ತದೆ. ಒಂದು ಸಾಧನದಲ್ಲಿ ಅಳಿಸಿದರೆ ಎಲ್ಲೆಡೆಯೂ ಅಳಿಯುತ್ತದೆ. ಪಾಪ್‌ನಲ್ಲಿ ಅಂಚೆಯನ್ನು ಗಣಕಕ್ಕೆ ಇಳಿಸಿಕೊಳ್ಳಲಾಗುತ್ತದೆ. ಸರ್ವರ್‌ನಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನು ಮಾಡದಿದ್ದರೆ ಗಣಕದಲ್ಲಿರುವುದೇ ಏಕೈಕ ಪ್ರತಿಯಾಗುತ್ತದೆ.

ಪ್ರೊಫೈಲ್ ಮತ್ತು ಅಂಚೆಯ ಸಂರಕ್ಷಣೆ

ಅಂಚೆ, ವಿಳಾಸಪುಸ್ತಕ, ಉಳಿಸಿದ ಗುಪ್ತಪದಗಳು ಮತ್ತು ಸಂಯೋಜನೆಗಳೆಲ್ಲವೂ ಪ್ರೊಫೈಲ್ ಎಂಬ ಕಡತಕೋಶದಲ್ಲಿರುತ್ತವೆ. ಭಂಡಾರದಿಂದ ಅಥವಾ ಮೂಲ ಕಡತದಿಂದ ಅನುಸ್ಥಾಪಿಸಿದಾಗ ಇದು ಬಳಕೆದಾರರ ಹೋಮ್ ಕಡತಕೋಶದಲ್ಲಿ, ಚುಕ್ಕಿಯಿಂದ ಆರಂಭವಾಗುವ ಥಂಡರ್‌ಬರ್ಡ್ ಎಂಬ ಅಡಗಿದ ಕೋಶದೊಳಗಿರುತ್ತದೆ. ಸ್ನ್ಯಾಪ್‌ನಲ್ಲಿ ಹೋಮ್‌ನ ಸ್ನ್ಯಾಪ್ ಕೋಶದಡಿಯಲ್ಲಿ, ಫ್ಲಾಟ್‌ಪ್ಯಾಕ್‌ನಲ್ಲಿ ಚುಕ್ಕಿಯಿಂದ ಆರಂಭವಾಗುವ ವಾರ್ ಎಂಬ ಕೋಶದಡಿಯಲ್ಲಿ ಇರುತ್ತದೆ. ಆದ್ದರಿಂದ ಒಂದು ವಿಧಾನದಿಂದ ಇನ್ನೊಂದಕ್ಕೆ ಬದಲಾದಾಗ ಹಳೆಯ ಅಂಚೆ ಕಾಣಿಸದೆ ಹೋಗಬಹುದು. ಅದು ನಾಶವಾಗಿದೆ ಎಂದು ಭಾವಿಸದೆ, ಹಳೆಯ ಸ್ಥಳವನ್ನು ಮೊದಲು ಪರಿಶೀಲಿಸಬೇಕು.

ಆಪ್ಟ್ ಮೂಲಕ ತಂತ್ರಾಂಶವನ್ನು ತೆಗೆದುಹಾಕಿದರೆ ಪ್ರೊಫೈಲ್ ಹಾಗೆಯೇ ಉಳಿಯುತ್ತದೆ. ಸ್ನ್ಯಾಪ್ ಆವೃತ್ತಿಯನ್ನು ತೆಗೆದಾಗ ಅದರ ದತ್ತಾಂಶವೂ ಅಳಿಯುತ್ತದೆ. ಆ ವೇಳೆ ವ್ಯವಸ್ಥೆಯು ತಾನಾಗಿ ಒಂದು ಪ್ರತಿಯನ್ನು ತೆಗೆದಿಡುತ್ತದೆಯಾದರೂ ಸಾಮಾನ್ಯವಾಗಿ ಅದು 31 ದಿನಗಳವರೆಗೆ ಮಾತ್ರ ಇರುತ್ತದೆ. 'ಪರ್ಜ್' ಆಯ್ಕೆಯೊಂದಿಗೆ ತೆಗೆದರೆ ಅದೂ ಇರುವುದಿಲ್ಲ. ಪಾಪ್ ಬಳಸುವವರಿಗೆ ಇದು ಹಲವು ವರ್ಷಗಳ ಪತ್ರವ್ಯವಹಾರದ ಶಾಶ್ವತ ನಷ್ಟವಾಗಬಹುದು. 2020ರ 78ನೆಯ ಆವೃತ್ತಿಯಿಂದ ಥಂಡರ್‌ಬರ್ಡ್‌ನಲ್ಲಿಯೇ ಅಡಕವಾಗಿರುವ ಓಪನ್‌ಪಿಜಿಪಿ ಗೂಢಲಿಪೀಕರಣದ ಖಾಸಗಿ ಕೀಲಿಗಳೂ ಪ್ರೊಫೈಲ್‌ನಲ್ಲಿರುತ್ತವೆ. ಕೀಲಿಯ ಬೇರೆ ಪ್ರತಿ ಇಲ್ಲದಿದ್ದರೆ, ಸರ್ವರ್‌ನಲ್ಲಿ ಅಂಚೆ ಉಳಿದಿದ್ದರೂ ಅದನ್ನು ಓದಲಾಗುವುದಿಲ್ಲ.

ಪ್ರತಿ ತೆಗೆಯಲು ಥಂಡರ್‌ಬರ್ಡನ್ನು ಮುಚ್ಚಿ, ಪ್ರೊಫೈಲ್ ಕಡತಕೋಶವನ್ನು ಸಂಪೂರ್ಣವಾಗಿ ಬೇರೊಂದು ಡಿಸ್ಕಿಗೆ ನಕಲಿಸಿದರೆ ಸಾಕು. ಪ್ರಾಥಮಿಕ ಗುಪ್ತಪದವನ್ನು ನಿಗದಿಪಡಿಸದಿದ್ದಲ್ಲಿ ಈ ಪ್ರತಿಯನ್ನು ಪಡೆದವರು ಉಳಿಸಿದ ಗುಪ್ತಪದಗಳನ್ನೂ ನೋಡಬಹುದಾದ್ದರಿಂದ ಅದನ್ನು ಭದ್ರವಾಗಿಡಬೇಕು.

ಕನ್ನಡದ ಬಳಕೆ

ಥಂಡರ್‌ಬರ್ಡ್ ಯುನಿಕೋಡ್ ಅನ್ನು ಬೆಂಬಲಿಸುವುದರಿಂದ ಕನ್ನಡದಲ್ಲಿ ಅಂಚೆಗಳನ್ನು ಬರೆಯಬಹುದು ಮತ್ತು ಓದಬಹುದು. ಅಕ್ಷರಗಳ ಬದಲಿಗೆ ಚೌಕಗಳು ಕಂಡುಬಂದರೆ ಗಣಕದಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲವೆಂದು ತಿಳಿಯಬೇಕು. ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲಿ ಗುಬ್ಬಿ, ನವಿಲು ಮತ್ತು ಲೋಹಿತ್ ಕನ್ನಡ ಅಕ್ಷರಶೈಲಿಗಳು ಲಭ್ಯವಿವೆ. ಬೆರಳಚ್ಚಿಗೆ ಐಬಸ್ ಮೊದಲಾದ ಊಡಿಕೆ ಸಾಧನಗಳನ್ನು ಬಳಸಬಹುದು.